ಪೇಪರ್‌ವೇಟಿನೊಳಗೆ ಭೀಮಪ್ಪ

ಪೀಣ್ಯದ ಎರಡನೇ ಹಂತದಲ್ಲಿದ್ದ ಅಂಬರೀಶನ ಗಾಜಿನ ಕಾರ್ಖಾನೆಯಲ್ಲಿ ಭೀಮಪ್ಪ ಇಪ್ಪತ್ತಾರು ವರ್ಷ ಬರ್ನರ್ ಮುಂದೆ ಕೂತಿದ್ದ. ಕಾಲೇಜುಗಳ ರಸಾಯನಶಾಸ್ತ್ರದ ಲ್ಯಾಬಿಗೆ ಹೋಗುವ ಫ್ಲಾಸ್ಕು, ಬ್ಯುರೆಟ್ಟುಗಳೆಲ್ಲ ಅವನ ಕೈಯಲ್ಲಿ ಹುಟ್ಟಿದವು. ಒಂದೊಂದರ ಮೇಲೂ ಕಂಪನಿಯ ಮುದ್ರೆ. ಭೀಮಪ್ಪನ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಬೆರಳೊತ್ತುವ ಯಂತ್ರ ಬಂದ ಮೇಲೆ ಅದೂ ಹೋಗಿ ನಂಬರಾಯಿತು. ಬಾಗಲಗುಂಟೆಯಲ್ಲಿ ಅವನಿಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಅಂಜನಮ್ಮ ಆಗಾಗ ಕೇಳುವುದಿತ್ತು: "ಗಾಜಿನ ಕೆಲಸ ಅಂತೀಯ, ನಮ್ ಬಚ್ಚಲುಮನೆ ಕಿಟಕಿಗೆ ಒಂದು ಗಾಜು ಹಾಕ್ಕೊಡಕ್ಕಾಗಲ್ವೇನಪ್ಪಾ?"

ಈ ಮಾತು ಭೀಮಪ್ಪನಿಗೆ ನಾಟುತ್ತಿತ್ತು. ತಾನು ಮಾಡಿದ ಒಂದಾದರೂ ವಸ್ತು ತನ್ನ ಹೆಸರು ಹೊತ್ತು ಯಾರದಾದರೂ ಮೇಜಿನ ಮೇಲೆ ಕೂರಬೇಕೆಂಬ ಆಸೆ ಅವನಿಗೆ ಬಹಳ ದಿನದಿಂದ ಇತ್ತು.

ಪೇಪರ್‌ವೇಟ್ ಮಾಡುವುದನ್ನು ಅವನು ತಾನೇ ಕಲಿತಿದ್ದ. ಬ್ಯುರೆಟ್ಟಿನ ಬೆನ್ನಿಗೆ ಹಾಲಿನಂಥ ಬಿಳಿ ಪಟ್ಟಿ, ಅದರ ನಡುವೆ ನೀಲಿ ಗೆರೆ ಇರುತ್ತದಲ್ಲ, ಒಡೆದ ಬ್ಯುರೆಟ್ಟುಗಳಿಂದ ಆ ಬಿಳಿಯನ್ನೂ ನೀಲಿಯನ್ನೂ ಬಿಡಿಸಿ ಕರಗಿಸಿ, ಊಟದ ವಿರಾಮದಲ್ಲಿ ಗಾಜಿನ ಉಂಡೆಯೊಳಗೆ ಹೂವು ಅರಳಿಸುತ್ತಿದ್ದ.

2009ರ ಆಯುಧಪೂಜೆಗೆ ಹೊಸ ಶೆಡ್ಡಿನ ಉದ್ಘಾಟನೆ ಗೊತ್ತಾಯಿತು. ಅತಿಥಿಗಳಿಗೆ ಕೊಡಲು ಹನ್ನೆರಡು ಪೇಪರ್‌ವೇಟ್ ಬೇಕೆಂದು ಅಂಬರೀಶ ಹೇಳಿದ. ಹೇಳಿದವನು ಮಾಲೀಕ, ಮಾಡುವವನು ಭೀಮಪ್ಪ. ಆದ್ದರಿಂದ ಸಭೆ ಕರೆದದ್ದು ಕ್ವಾಲಿಟಿ ಮ್ಯಾನೇಜರ್ ಭಾನುಪ್ರಕಾಶ. ಇಪ್ಪತ್ತಾರು ವರ್ಷ ಗಾಜು ಕರಗಿಸಿದವನಿಗೆ ಗಾಜಿನ ಇತಿಹಾಸ ತಿಳಿಸುವುದು ತನ್ನ ಹೊಣೆಯೆಂದು ಅವನು ಬಗೆದಿದ್ದ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರಗಳು ಮೂಡಿದವು.

"ಸಾವಿರದ ಎಂಟುನೂರ ನಲವತ್ತೈದರ ಸುಮಾರಿಗೆ ವೆನಿಸ್‌ನಲ್ಲಿ ಶುರು ಕಣ್ರೀ. ಆಮೇಲೆ ಫ್ರಾನ್ಸ್‌ನೋರು ಹಿಡ್ಕೊಂಡ್ರು. ಬಣ್ಣದ ಗಾಜಿನ ಕಡ್ಡಿ ಕತ್ತರಿಸಿ, ಬಿಲ್ಲೆ ಜೋಡಿಸಿ, ಮೇಲೆ ಗಾಜು ಮುಚ್ಚೋದು. ಕಾಗದ ಬರೆಯೋ ಶೋಕಿ ಆಗ ಎಲ್ರಿಗೂ. ಇಲ್ ನೋಡಿ, ಒಳಗೆ ಇಸವಿ, ಒಂದು ಅಕ್ಷರ."

ಭೀಮಪ್ಪ ಮುಂದಕ್ಕೆ ಬಾಗಿದ. "ಯಾರ ಅಕ್ಷರರೀ ಅದು? ಮಾಲಕರ್ದೋ, ಮಾಡಿದಾಂವಂದೋ?"

"ಕಾರ್ಖಾನೇದು."

"ಮತ್ತ ಮಾಡಿದಾಂವನ ಹೆಸರು?"

ಭಾನುಪ್ರಕಾಶ ಕಂಪ್ಯೂಟರನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದ. ಸಿಗಲಿಲ್ಲ.

"ಹಂಗಾರ ಅವರೂ ನನ್ನಂಗ ನಂಬರ್ ಮಂದೀನ," ಎಂದ ಭೀಮಪ್ಪ, ಪಕ್ಕದಲ್ಲಿ ಕೂತಿದ್ದ ಅಂಬರೀಶನತ್ತ ತಿರುಗಿದ. "ಸಾಹೇಬ್ರ, ನಿಮ್ಮ ಅಕ್ಷರ ಹಾಕ್ತೀನಿ. ಜೊತಿಗೆ ನಂದೂ ಒಂದು ಹಾಕ್ತೀನಿ."

ಅಂಬರೀಶ ನಕ್ಕುಬಿಟ್ಟ. "ಭೀಮಣ್ಣ, ಕಂಪ್ನಿ ಗಿಫ್ಟು ಅದು. ನಿಮ್ ಮಗಳ ಮದುವೆ ತಾಂಬೂಲ ಅಲ್ಲ."

ಭೀಮಪ್ಪ ಕಂಪನಿಯ 'ಅ' ಒಂದನ್ನೇ ಇಟ್ಟು ಹನ್ನೆರಡನ್ನೂ ಮುಗಿಸಿದ. ಪೂಜೆಯ ಹಿಂದಿನ ಸಂಜೆ ಓವನ್‌ಗೆ ಸೇರಿಸಿ, "ದಪ್ಪ ಗಾಜು, ನಿಧಾನಕ್ಕ ತಣೀಬೇಕು. ನಾಳಿ ಸಂಜೀ ಮಟಾ ಬಾಗಿಲಾ ತಗೀಬ್ಯಾಡ್ರಿ," ಎಂದು ಭಾನುಪ್ರಕಾಶನಿಗೆ ಹೇಳಿ ಹೋದ. ಭಾನುಪ್ರಕಾಶನ ಬಳಿ ತಾನೇ ಬರೆದ ಹನ್ನೊಂದು ಪುಟದ ಕೈಪಿಡಿಯಿತ್ತು. ಅದರಲ್ಲಿ 'ಸಾಕಷ್ಟು ಹೊತ್ತು ತಣಿಸುವುದು' ಎಂದಿತ್ತು. ಬೆಳಿಗ್ಗೆ ಹತ್ತಕ್ಕೆ ಮುಹೂರ್ತ. ಆ ಹೊತ್ತಿಗೆ ಸಾಕಷ್ಟು ಆಗಿದೆಯೆಂದು ಅವನು ತೀರ್ಮಾನಿಸಿದ. ದಪ್ಪ ಕೈಗವಸು ತೊಟ್ಟು ಹನ್ನೆರಡನ್ನೂ ಹೊರತೆಗೆದು, ಹಿತ್ತಾಳೆ ಹರಿವಾಣದಲ್ಲಿ ಜೋಡಿಸಿ, ಚೆಂಡುಹೂವಿನ ನಡುವೆ ಯಂತ್ರಗಳ ಎದುರಿಗಿಟ್ಟ.

ಪುರೋಹಿತರು ಲೇಥಿಗೆ ನೀರು ಚಿಮುಕಿಸಿದರು. ಓವನ್‌ಗೆ, ಬರ್ನರಿಗೆ ಚಿಮುಕಿಸಿದರು. ಒಳ್ಳೆಯ ಮನಸ್ಸಿನವರು, ಹರಿವಾಣದ ಮೇಲೆ ಎರಡು ಸಲ ಚಿಮುಕಿಸಿದರು.

ಟಿಕ್. ಟಿಕ್ ಟಿಕ್.

ಹನ್ನೆರಡೂ ಸೀಳಿದವು. ಕಡ್ಲೆಪುರಿ ಹಂಚುತ್ತಿದ್ದ ಪ್ಯಾಕಿಂಗ್ ವಿಭಾಗದ ಗೌರಮ್ಮ, "ಅಯ್ಯೋ, ಭಾನು ಸಾರ್ ಮೊಟ್ಟೆ ಬೇಯಿಸ್ಬಿಟ್ರು," ಎಂದಳು.

ಮುಖ್ಯ ಅತಿಥಿ ಮಂಜುಶ್ರೀ, ಔಷಧ ಕಂಪನಿಯೊಂದಕ್ಕೆ ಗಾಜಿನ ಸಾಮಾನು ಕೊಳ್ಳುವವರು, ಸೀಳಿದ್ದರಲ್ಲಿ ಒಂದನ್ನು ಬೆಳಕಿಗೆ ಹಿಡಿದರು. "ಹೂವು ತುಂಬ ಚೆನ್ನಾಗಿದೆ. ಸೀಳಿಲ್ಲದ್ದು ಒಂದು ಕೊಡಿ. ನನ್ನ ಟೇಬಲ್ ಮೇಲಿಡ್ತೀನಿ."

ಅಂಬರೀಶ ಭೀಮಪ್ಪನನ್ನು ಪಕ್ಕಕ್ಕೆಳೆದ. "ಭೀಮಣ್ಣ, ಈಗ್ಲೇ ಒಂದು ಮಾಡ್ಕೊಟ್ಬಿಡಿ."

"ಬರ್ನರಿಗೆ ಕುಂಕುಮ ಹಚ್ಚೇವ್ರಿ. ಪೂಜಿ ಆದ ಸಾಮಾನು ಇವತ್ತ ಮುಟ್ಟಂಗಿಲ್ಲ."

"ಬೇರೆ ಯಾರ ಕೈಲಾದ್ರೂ..."

"ಮಾಡಿಸ್ರಿ. ಬುಕ್ ಐತೆಲ್ಲ, ಹನ್ನೊಂದು ಪುಟದ್ದು."

ಅಂಬರೀಶ ಭಾನುಪ್ರಕಾಶನತ್ತ ನೋಡಿದ. ಭಾನುಪ್ರಕಾಶ ಬೂದುಗುಂಬಳಕಾಯಿಯತ್ತ ನೋಡಿದ.

ವಾರದೊಳಗೆ ಕಳಿಸುತ್ತೇವೆಂದು ಅತಿಥಿಗಳಿಗೆ ಹೇಳಿ ಬೀಳ್ಕೊಟ್ಟಾಯಿತು. ವಿಜಯದಶಮಿ ಕಳೆದ ಮಾರನೆಯ ದಿನ ಅಂಬರೀಶ ತಾನಾಗಿಯೇ ಭೀಮಪ್ಪನ ಬೆಂಚಿನ ಬಳಿ ಬಂದು, ಸ್ಟೂಲು ಹುಡುಕಿ ಕೂತ. "ನಿಮ್ದೂ ಹಾಕ್ಕೊಳಿ. ಆದ್ರೆ ಎರಡು ಮಾತು. ಕಂಪ್ನೀದು ಮೇಲಿರ್ಬೇಕು, ನಿಮ್ದು ಕೆಳಗೆ, ತಳದಲ್ಲಿ. ಎರಡೂ ಅಕ್ಷರ ಒಂದೇ ಅಳತೆ. ನಿಮ್ದು ಕೂದಲೆಳೆಯಷ್ಟೂ ಜಾಸ್ತಿ ಆಗ್ಬಾರ್ದು."

"ಆತ್ರೀ ಸಾಹೇಬ್ರ."

ಇಷ್ಟು ಬೇಗ ಒಪ್ಪಿದ್ದಕ್ಕೆ ಅಂಬರೀಶನಿಗೆ ಖುಷಿಯಾಯಿತು. ಚೌಕಾಸಿಯಲ್ಲಿ ತನ್ನನ್ನು ಮೀರಿಸುವವರಿಲ್ಲವೆಂದು ಅವನು ನಂಬಿದ್ದ.

ಈ ಸಲ ಓವನ್ ಬಾಗಿಲ ಮುಂದೆ ಭೀಮಪ್ಪನೇ ಕುರ್ಚಿ ಹಾಕಿಕೊಂಡ. ತಣಿದು ಹೊರಬಂದ ಹನ್ನೆರಡರಲ್ಲಿ ಒಂದನ್ನು ಅಂಬರೀಶ ಅಂಗೈ ಮೇಲಿಟ್ಟು ಮೇಲಿನಿಂದ ನೋಡಿದ. ಮೇಲ್ಮೈಗೆ ಹತ್ತಿರವಾಗಿ, ಅಂಚಿನಲ್ಲಿ ಕಂಪನಿಯ 'ಅ' ಎಳ್ಳುಕಾಳಿನಂತೆ ಕೂತಿತ್ತು. ಅದರಾಚೆ, ತಳದಲ್ಲಿ, ಬಿಳಿ ಹೂವಿನ ನಡುವೆ, ಗಾಜಿನ ಗುಮ್ಮಟ ಉಬ್ಬಿಸಿ ತೋರಿಸುತ್ತಿದ್ದ ನೀಲಿ 'ಭೀ' ಅದಕ್ಕಿಂತ ಎಷ್ಟೋ ದೊಡ್ಡದಾಗಿ ನಿಂತಿತ್ತು.

"ಏನ್ರೀ ಭೀಮಣ್ಣ! ಒಂದೇ ಅಳತೆ ಅಂತ ಮಾತಾಗಿತ್ತಲ್ಲ?"

"ಒಂದ ಅಳತಿ ಐತ್ರೀ. ದುಂಡನ ಗಾಜು, ತಳದಾಗಿಂದು ದೊಡ್ಡದ ಕಾಣತೈತಿ. ತಳಕ್ಕ ಇಡು ಅಂದಾವ್ರು ನೀವ. ಬೇಕಾದ್ರ ಅಳೀರಿ."

ಭಾನುಪ್ರಕಾಶ ಓಡಿಹೋಗಿ ಕ್ಯಾಲಿಪರ್ ತಂದ. ಮೇಲಿನಿಂದ ಹಿಡಿದ, ಪಕ್ಕದಿಂದ ಹಿಡಿದ, ಉಂಡೆಯನ್ನು ಬೋರಲು ಹಾಕಿ ಹಿಡಿದ. ಅಕ್ಷರ ಗಾಜಿನೊಳಗಿತ್ತು, ಕ್ಯಾಲಿಪರ್ ಹೊರಗಿತ್ತು. ಗೌರಮ್ಮ ಅವನ ಕೈಯಿಂದ ಉಂಡೆಯನ್ನು ಮೆಲ್ಲಗೆ ತೆಗೆದುಕೊಂಡು, ಹತ್ತಿಯಲ್ಲಿ ಸುತ್ತಿ, ಮಂಜುಶ್ರೀ ಮೇಡಮ್ಮಿನ ವಿಳಾಸದ ಡಬ್ಬಿಗೆ ಹಾಕಿದಳು.