ಒಂದು ಗುಂಡಿ, ನಾಲ್ಕು ಫೋಟೊ

ನಮ್ಮ ಅಂಗಳಕ್ಕೆ ಮಳೆಯ ಮೊದಲ ಹನಿ ಬಿದ್ದರೆ ಮಣ್ಣಿನ ವಾಸನೆ ಬರುವುದಿಲ್ಲ; ಕಾದ ಸಿಮೆಂಟಿನ ವಾಸನೆ ಬರುತ್ತದೆ. ಇವತ್ತು ಮಧ್ಯಾಹ್ನ ಅದು ಮೂಗಿಗೆ ಬಡಿದದ್ದೇ ತಡ, ಎದ್ದು ಬಾಗಿಲಿಗೆ ಬಂದು ಇಳಿಜಾರಿನ ಕಡೆ ನೋಡಿದೆ. ಮಳೆ ಎಂದರೆ ಬಿಸಿಬಿಸಿ ಬೋಂಡ ನೆನಪಾಗುವ ಪುಣ್ಯವಂತರು ನೀವಾಗಿದ್ದರೆ, ನನ್ನ ಕಥೆಯನ್ನೂ ಒಂದಿಷ್ಟು ಕೇಳಿ.

ಬಿಳಿಕೆರೆಯ ಹಿಂದಿನ ಏರಿನಲ್ಲಿರುವ ನಮ್ಮ ಬಡಾವಣೆ ಮೊದಲು ಹುರುಳಿ ಹೊಲವಾಗಿತ್ತು. ಮನೆ ನಕ್ಷೆಗೆ ಒಪ್ಪಿಗೆ ಬೇಕಾದರೆ ಒಂದು ಷರತ್ತು: ಸೈಟಿನ ಮಳೆನೀರು ಸೈಟಿನಲ್ಲೇ ಇಂಗಲು ಗುಂಡಿ ತೋಡಬೇಕು, ಜಲ್ಲಿ ಮರಳು ತುಂಬಬೇಕು. ನಾನು ತಿಂಗಳುಗಟ್ಟಲೆ ಅಳೆದೂ ಸುರಿದೂ ನೋಡಿದೆ. ಗುಂಡಿ ಬಂದರೆ ಕಾರು ನಿಲ್ಲಿಸಲು ಜಾಗವಿಲ್ಲ. "ಕಾರೆಲ್ಲಿದೆ?" ಎಂದಳು ಹೆಂಡತಿ. ಮುಂದೆ ಬರಬಹುದಲ್ಲ ಎಂದೆ. ಇನ್ನೂ ಬಂದಿಲ್ಲ.

ಉಪಾಯ ಹೊಳೆದದ್ದೂ ನನಗೇ. ನಮ್ಮ ಸಾಲಿನ ನಾಲ್ಕು ಮನೆಯವರು ಸೇರಿ ಪಕ್ಕದ ಲೋಕೇಶನ ಸೈಟಿನಲ್ಲಿ ಒಂದೇ ಗುಂಡಿ ತೋಡಿಸಿ, ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೊ ತೆಗೆಸಿ, ನಾಲ್ಕು ಅರ್ಜಿಗೆ ಅಂಟಿಸಿದೆವು. ಒಪ್ಪಿಗೆ ಬಂದ ಮೇಲೆ ಆ ಒಂದನ್ನೂ ಮುಚ್ಚಿದೆವು. ನಿಯಮ ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುತ್ತೇವೆ ಎಂದು ಬೀಗಿದೆ. ನೀರು ಇಳಿಜಾರಿಗೆ ಹರಿಯುತ್ತದೆ ಎಂದು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದ ವಿಜ್ಞಾನದ ಮೇಷ್ಟ್ರು ನಾನು.

ಆ ಇಳಿಜಾರಿನ ಕೊನೆಯಲ್ಲಿ ಪುಟ್ಟಮ್ಮನ ಮಣ್ಣುಗೋಡೆಯ ಮನೆ. ನಮಗೆ ಹಾಲು ಹಾಕುವಾಕೆ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹಾಲು ಅಳೆದು ಕೊಟ್ಟ ಮೇಲೂ ಹೋಗದೆ ನಿಂತಳು.

"ಮೇಷ್ಟ್ರೇ, ನಿಮ್ ಕಡೆ ನೀರೆಲ್ಲ ನಮ್ಮನೆಗೆ ನುಗ್ತದೆ ಕಣ್ರೀ. ಗ್ವಾಡೆ ಬುಡ ನೆನ್ದೋಗದೆ."

"ಮಳೆ ಜೋರಾದ್ರೆ ನಾವೇನು ಮಾಡೋಣ, ಪುಟ್ಟಮ್ಮ?"

"ಇಲ್ಲಿ ಒಲ ಇದ್ದಾಗ್ಲೂ ಮಳೆ ಬತ್ತಿತ್ತು. ನಮ್ಮನೆಗೆ ನೀರು ಬತ್ತಿರ್ನಿಲ್ಲ."

ಮಳೆಗಾಲ ಮುಗಿಯಲಿ, ಗುಂಡಿ ತೋಡಿಸುತ್ತೇನೆ ಎಂದೆ. ಮಳೆಗಾಲ ಮುಗಿಯಿತು, ನಾನು ಮರೆತೆ. ನಾಚಿಕೆಯಾಗುತ್ತದೆ ಹೇಳಲು.

ಈ ಮಳೆಗಾಲ ಅದೇ ಗೋಡೆಯ ಪಕ್ಕ ಮಲಗಿದ್ದವಳು ಅವಳ ಮಗಳು, ಹನ್ನೆರಡು ದಿನದ ಬಾಣಂತಿ. ಗೋಡೆ ಬಿರುಕು ಬಿಟ್ಟಿದೆ ಎಂದು ಇವತ್ತು ಬೆಳಿಗ್ಗೆಯಷ್ಟೇ ಪುಟ್ಟಮ್ಮ ಹೇಳಿ ಹೋಗಿದ್ದಳು. ಮಳೆ ಬಿರುಸಾಗುತ್ತಲೇ ನಾನೂ ಹೆಂಡತಿಯೂ ಓಡಿದೆವು. ಬಾಣಂತಿಗೂ ಮಗುವಿಗೂ ಕಂಬಳಿ ಹೊದಿಸಿ ಕರೆತಂದು ನಮ್ಮ ಕೋಣೆಯಲ್ಲಿ ಮಲಗಿಸಿದೆವು. ಪುಟ್ಟಮ್ಮ ಬರಲೊಲ್ಲಳು.

"ಅಸ ಬುಟ್ಟು ಎಂಗ್ ಬರ್ಲಿ?"

"ಹಸುವನ್ನೂ ಹಿಡ್ಕೊಂಡು ಬಾ."

"ಎಲ್ ಕಟ್ಲಿ ಮೇಷ್ಟ್ರೇ? ನಿಮ್ಮನೇಲಿ ಗೂಟ ಒಡೆಯಕ್ಕೆ ಮಣ್ಣೆಲ್ಲದೆ?"

ಹಿಂದಿರುಗಿ ಹಾರೆ ಹಿಡಿದೆ. ಲೋಕೇಶ ತನ್ನ ಬಾಗಿಲಿನಿಂದಲೇ ಕೂಗಿದ: "ಮಳೆ ನಿಲ್ಲಲಿ ಸಾರ್, ಆಮೇಲೆ ಅಗುದ್ರಾಯ್ತು." ಆಮೇಲೆ ಅಗೆಯುವ ಮೇಷ್ಟ್ರು ಎಂಥವನೆಂದು ನನಗಿಂತ ಬಲ್ಲವರು ಯಾರು? ಅಂಗಳದ ಸಿಮೆಂಟು ಒಡೆದೆ. ಅಂಗೈಯಲ್ಲಿ ಬೊಬ್ಬೆ ಎದ್ದಾಗ ಒಂದು ಗೂಟಕ್ಕಾಗುವಷ್ಟು ಮಣ್ಣು ಸಿಕ್ಕಿತು.

ಹಸು ಈಗ ನಮ್ಮ ಅಂಗಳದಲ್ಲಿದೆ. ಒಳಗೆ ಮಗು ಅಳುತ್ತಿದೆ. ಪುಟ್ಟಮ್ಮ ಜಗುಲಿಯ ಅಂಚಿನಲ್ಲಿ ಕೂತು ಕೆಳಗೆ ತನ್ನ ಮನೆಯನ್ನೇ ನೋಡುತ್ತಿದ್ದಾಳೆ. ನಮ್ಮ ತಾರಸಿಯ ನೀರು ಅವಳ ಕಣ್ಣೆದುರೇ ಅತ್ತ ಹರಿಯುತ್ತಿದೆ.