ಬೀಗಿತ್ತಿಯ ಚಿಂದಿಚೀಲ

ಮಗ್ಗದ ಮುಂದೆ ಇಬ್ಬರು ಹೆಂಗಸರು ಕೂತರೆ ಒಬ್ಬಳ ಬಾಯಿಗೂ ಇನ್ನೊಬ್ಬಳ ಕಿವಿಗೂ ನಡುವೆ ಗಾಳಿ ನುಸುಳುವಷ್ಟು ಜಾಗ ಇರುವುದಿಲ್ಲ. ಅಝಿಲಾಲಿನ ಬೆಟ್ಟದ ಆ ಹಳ್ಳಿಯಲ್ಲಿ ತಾಮೊ ಮತ್ತು ಹದ್ದಾ ಮದುವೆಯಾಗಿ ಬಂದಾಗಿನಿಂದ ಹಾಗೆ ತೊಡೆಗೆ ತೊಡೆ ತಾಗಿಸಿ ಕೂತು, ಹಳೇಬಟ್ಟೆಯ ಜಮಖಾನ ನೇಯ್ದವರು. ಯಾರ ಮನೆಯಲ್ಲಿ ಏನು ಹರಿದರೂ ಇವರ ಚೀಲಕ್ಕೆ ಬರಬೇಕು: ಗಂಡಂದಿರ ಪೈಜಾಮ, ಮಕ್ಕಳ ಸ್ವೆಟರು, ಮೊಣಕೈ ಹೋದ ಜುಬ್ಬ. ಸತ್ತ ಅತ್ತೆಗಾಗಿ ಹದ್ದಾ ಅತ್ತು ಮುಗಿಸುವ ಮೊದಲೇ, "ಆ ಹಸಿರು ಶಾಲು ಯಾರಿಗೇ?" ಎಂದು ಕೇಳಿದವಳು ತಾಮೊ.

ಇಬ್ಬರ ಬದುಕೂ ಹಾಸುಹೊಕ್ಕಾಗಿತ್ತು. ಹಾಗಾಗಿ ತಾಮೊಳ ಮಗ ಬಸ್ಸುವಿಗೆ ಹದ್ದಾಳ ಮಗಳು ಇಜ್ಜಾ ಎಂದು ಮಾತಾದಾಗ ಊರಿಗೇನೂ ಆಶ್ಚರ್ಯವಾಗಲಿಲ್ಲ. ಬಸ್ಸು ಒಳ್ಳೆಯ ಹುಡುಗ; ಹೆಸರಿಗೆ ಬಸ್ಸಾದರೂ ಮೇಕೆಗಳು ಹೊರಟರಷ್ಟೇ ಹೊರಡುವವನು. ಇಜ್ಜಾಳ ಹೆಸರೆತ್ತಿದರೆ ಮಾತ್ರ ಕಿವಿಯವರೆಗೆ ಕೆಂಪಾಗುತ್ತಿದ್ದ. ಸಕ್ಕರೆ ಅಚ್ಚು, ಗೋರಂಟಿ, ಖರ್ಜೂರದ ಜೊತೆ, ಮದುವೆಯ ದಿನ ಇಜ್ಜಾ ತೊಡಲೆಂದು ಕೇಸರಿ ರೇಷ್ಮೆಯ ನಿಲುವಂಗಿ ಹದ್ದಾಳ ಮನೆಗೆ ಹೋಯಿತು. ಅದಕ್ಕಾಗಿ ತಾಮೊ ಸಂತೆಯ ಬಟ್ಟೆಯಂಗಡಿಯನ್ನೆಲ್ಲ ಕೆಳಗೆ ಇಳಿಸಿದ್ದಳು. ಹೊಲಿದಾದ ಮೇಲೆ, ಕಳಿಸುವ ಮೊದಲು, ಟೀ ಒಲೆಯ ಕಿಡಿ ಹಾರಿ ತೋಳಿನಲ್ಲಿ ಕಡಲೆಗಾತ್ರದ ತೂತಾಯಿತು. ತಾಮೊ ಅದರ ಮೇಲೆ ನೀಲಿ ದಾರದಲ್ಲಿ ಒಂದು ನಕ್ಷತ್ರ ಕೂರಿಸಿಬಿಟ್ಟಳು. "ಎಂಥ ಕಸೂತಿ ಕಣೇ!" ಎಂದು ಹದ್ದಾ ಹೊಗಳಿದಾಗ ವಿನಯದಿಂದ ಒಪ್ಪಿಕೊಂಡಳು.

ಆಲಿವ್ ಕೊಯ್ಲು ಮುಗಿದರೆ ಮದುವೆ.

ಆ ಬೆಳಿಗ್ಗೆ ಹದ್ದಾ ಬರುವುದು ತಡವಾಯಿತು. ಜಮಖಾನ ಅರ್ಧ ಏರಿತ್ತು. ಕೆಂಪಿನ ಪಕ್ಕ ಹಳದಿ ಬೇಕೆನಿಸಿ ತಾಮೊ, ಎಂದಿನ ಹಾಗೆ, ಹದ್ದಾಳ ಚಿಂದಿಚೀಲಕ್ಕೆ ಕೈಹಾಕಿದಳು. ಬಂದದ್ದು ಬೆರಳಗಲದ ಕೇಸರಿ ಪಟ್ಟಿ. ಚಿಂದಿಗೆ ಅಷ್ಟು ನುಣುಪು ಇರಬಾರದು. ಇನ್ನೊಂದು ಎಳೆದಳು. ಅದರಲ್ಲಿ ಅರ್ಧ ನೀಲಿ ನಕ್ಷತ್ರವಿತ್ತು. ಉಳಿದರ್ಧ ಚೀಲದ ತಳದಲ್ಲಿ ಸಿಕ್ಕಿತು.

ಮಾತು ಮುರಿದರೆ ಕೊಟ್ಟ ಬಟ್ಟೆಯನ್ನು ಮಡಿಸಿ, ಹಿರಿಯರ ಕೈಯಲ್ಲಿ ವಾಪಸು ಕಳಿಸುವುದು ಅಲ್ಲಿಯ ರೀತಿ. ಕತ್ತರಿಸುವುದು ಯಾವ ರೀತಿಯೂ ಅಲ್ಲ. ತಾಮೊ ಎರಡು ಅರ್ಧಗಳನ್ನೂ ಮೊಣಕಾಲ ಮೇಲೆ ಜೋಡಿಸಿಕೊಂಡು ಕೂತಳು.

ಹದ್ದಾ ಬಿಸಿ ರೊಟ್ಟಿ ಹಿಡಿದು ಬಂದಳು. "ಏನೇ ಬೀಗಿತ್ತಿ, ಇನ್ನೂ ಟೀ ಇಟ್ಟಿಲ್ವಾ? ಮುಖ ಯಾಕೆ ಗಂಟು ಹಾಕ್ಕೊಂಡಿದೀಯ? ಗಂಟು ಹಾಕ್ಬೇಕಾಗಿರೋದು ಮಗ್ಗಕ್ಕೆ ಕಣೇ."

ತಾಮೊ ಮೊಣಕಾಲು ತೋರಿಸಿದಳು. ಬೀಗಿತ್ತಿ ರೊಟ್ಟಿಯನ್ನು ಕೆಳಗಿಟ್ಟಳು.

"ಇಜ್ಜಾ ದಪ್ಪ ಆದ್ಳಾ? ಅಂಗಿ ಬಿಗಿ ಬಂತಾ?" ಎಂದಳು ತಾಮೊ. ತಪ್ಪಿಸಿಕೊಳ್ಳಲು ಒಂದು ಕಿಂಡಿ ಬಿಟ್ಟು ನೋಡಿದಳು.

ಹದ್ದಾ ಅದರಲ್ಲಿ ನುಸುಳಲಿಲ್ಲ. "ಬೆನಿ ಮೆಲ್ಲಾಲ್‌ನಿಂದ ಬಂದಿದ್ರು ಕಣೇ, ಹೆಣ್ಣು ನೋಡೋಕೆ. ಪೇಟೇಲಿ ಮಾಂಸದಂಗಡಿಯೋರು. ಕೊಳಾಯಿ ತಿರುಗಿಸಿದ್ರೆ ಬಿಸಿನೀರು ಬರತ್ತಂತೆ ಅವರ ಮನೇಲಿ."

"ಬರ್ಲಿ. ಅದಕ್ಕೂ ನನ್ನ ಅಂಗಿಗೂ ಏನು?"

"ಹುಡುಗನ ತಾಯಿ ಇಜ್ಜಾಳ ಪೆಟ್ಟಿಗೆ ತೆಗೆಸಿದ್ಳು. ಇದ್ಯಾರು ಕೊಟ್ಟಿದ್ದು, ಎಲ್ಲಾದ್ರೂ ಮಾತಾಗಿದ್ಯಾ ಅಂದ್ಳು. ಇಲ್ಲಮ್ಮ, ಚಿಂದಿ, ಜಮಖಾನಕ್ಕೆ ಇಟ್ಟಿದ್ದು ಅಂದೆ. ನಂಬ್ಲಿಲ್ಲ."

"ಅದಕ್ಕೆ?"

"ಕತ್ತರಿ ತಗೊಂಡೆ. ಅವಳೆದುರಿಗೇ."

"ಇಜ್ಜಾ?"

"ಅತ್ಲು. ಅವರು ಹೋದ್ಮೇಲೆ."

"ಸುಟ್ಟಾದ್ರೂ ಹಾಕ್ಬಾರ್ದಿತ್ತೇನೇ, ನನ್ನ ಕಣ್ಣಿಗೆ ಬೀಳದ ಹಾಗೆ?"

ಹದ್ದಾ ನಿಜಕ್ಕೂ ಬೆಚ್ಚಿದಳು. "ಸುಡೋದಾ? ಅಷ್ಟು ಒಳ್ಳೇ ರೇಷ್ಮೇನಾ?"

ನೇಯುವವಳಿಗೆ ಬಟ್ಟೆ ಸುಡಲು ಕೈ ಬರುವುದಿಲ್ಲ. ತಾಮೊಳಿಗೂ ಬರುತ್ತಿರಲಿಲ್ಲ. ಅದು ಅವಳಿಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು.

"ಜಮಖಾನ ಮುಗೀಲಿ, ಆಮೇಲೆ ಹೇಳೋಣ ಅಂತಿದ್ದೆ," ಎಂದಳು ಹದ್ದಾ.

"ಅಲ್ಲೀವರೆಗೆ ನನ್ನ ಮಗನ ಮದುವೆ ಬಟ್ಟೇನ ನನ್ನ ಕೈಲೇ ಗಂಟು ಹಾಕಿಸ್ತಿದ್ದೆ."

ತಾಮೊ ಎದ್ದು ಕತ್ತರಿ ತಂದು, ಹಾಸಿನ ದಾರಗಳನ್ನು ಒಂದು ಕಡೆಯಿಂದ ಕತ್ತರಿಸತೊಡಗಿದಳು. ಮಗ್ಗದಿಂದ ಇಳಿಯುವ ಜಮಖಾನ ಅಲ್ಲಿಯವರಿಗೆ ಸಾಯುವ ಜೀವ. ಬಾಯಿಗೆ ನೀರು ಬಿಡುವಂತೆ ಅದಕ್ಕೆ ನೀರು ಚಿಮುಕಿಸದ ಹೆಂಗಸು ಆ ಬೆಟ್ಟದಲ್ಲಿಲ್ಲ.

"ನೀರು!" ಹದ್ದಾ ಕಿರುಚಿದಳು. "ಒಂದು ಹನಿ ನೀರಾದ್ರೂ ಹಾಕೇ, ಪಾಪಿ!"

"ನನ್ನ ಅಂಗಿ ಕತ್ತರಿಸುವಾಗ ನೀನು ಹಾಕಿದ್ಯಾ?"

ಹದ್ದಾಳೇ ಓಡಿ ತಂಬಿಗೆ ತಂದು ಚಿಮುಕಿಸಿದಳು. ಕೊನೆಯ ದಾರ ತುಂಡಾಗಿ, ಅರ್ಧ ಜಮಖಾನ ಒದ್ದೆಯಾಗಿ ಇಬ್ಬರ ಕಾಲ ಮೇಲೂ ಕುಸಿಯಿತು. ತಾಮೊ ಅದನ್ನು ಸುತ್ತಿ, ಚೀಲದ ಸಮೇತ ಹದ್ದಾಳ ತೋಳಿಗೆ ಹೊರಿಸಿದಳು.

"ಉಡುಗೊರೆ. ಬಿಸಿನೀರಿನ ಮನೆಗೆ ಕಾಲೊರಸು ಆಗತ್ತೆ."

ಅವಳು ಹೋದ ಮೇಲೆ ತಾಮೊ ಅಂಗಳದಲ್ಲಿ ಹೊಸ ಹಾಸಿನ ದಾರ ಎಳೆಯಲು ಎರಡು ಗೂಟ ಹೊಡೆದಳು. ಒಂದೊಂದು ಗೂಟಕ್ಕೂ ಒಬ್ಬೊಬ್ಬ ಹೆಂಗಸು ಬೇಕು. ಒಂದರ ಬಳಿ ತಾನು ಕೂತಳು. ಇನ್ನೊಂದರ ಬಳಿ ಬಿಸಿಲು ಕೂತಿತ್ತು.

ಬಸ್ಸು ಮೇಕೆಗಳನ್ನು ಕೂಡಿಹಾಕಿ ಬಂದ. ಹಾಸು ಎಳೆಯುವಾಗ ಗಂಡಸರು ಆ ಕಡೆ ಸುಳಿಯಲೂಬಾರದು. ಅವನು ದೂರವೇ ನಿಂತ.

"ಬಾ ಮಗಾ, ಕೂತ್ಕೋ ಅಲ್ಲಿ," ಎಂದು ತಾಮೊ ದಾರದ ತುದಿಯನ್ನು ಅವನ ಕೈಗಿಟ್ಟಳು. "ಗಟ್ಟಿಯಾಗಿ ಹಿಡ್ಕೋ. ಒಂದು ವಿಷಯ ಹೇಳ್ಬೇಕು, ಮುಗಿಯೋವರೆಗೂ ಬಿಡ್ಬೇಡ."