ಅವ್ವನ ಫೋನಿಗೆ ಹೊಲಿದ ಬಾಲ

ಫೋನ್ ಮಾಡಿದಾಗ ಆ ಕಡೆಯವರು ಎತ್ತದಿದ್ದರೆ ನೀವು ಏನು ಅಂದುಕೊಳ್ಳುತ್ತೀರಿ? ಬಚ್ಚಲಲ್ಲಿರಬೇಕು, ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ, ಆಮೇಲೆ ಅವರೇ ಮಾಡುತ್ತಾರೆ ಎಂದು ಸುಮ್ಮನಾಗುತ್ತೀರಿ.

ಎತ್ತಿ, ಮಾತಾಡದೇ ಹೋದರೆ?

ಹೋದ ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವ್ವನಿಗೆ ಫೋನ್ ಹಚ್ಚಿದೆ. ಎರಡನೇ ರಿಂಗಿಗೇ ಎತ್ತಿದಳು. ಪರದೆಯ ಮೇಲೆ ಸೆಕೆಂಡುಗಳು ಓಡತೊಡಗಿದವು. "ಅವ್ವಾ" ಅಂದೆ. ಉತ್ತರವಿಲ್ಲ. "ಅವ್ವಾ, ಕೇಳ್ಸಾಕತ್ತೈತೇನು?" ಅಂದೆ. ಕೆಮ್ಮಿಲ್ಲ, ಉಸಿರಿಲ್ಲ, ಹಿಂದೆ ಯಾರದೋ ಮಾತಿಲ್ಲ, ಬಾಗಿಲಿನ ಸಪ್ಪಳವೂ ಇಲ್ಲ. ನಲವತ್ತು ಸೆಕೆಂಡು ಹೀಗೆ ಓಡಿ ಕಟ್ಟಾಯಿತು.

ನೆಟ್‌ವರ್ಕು, ಅಂದುಕೊಂಡೆ. (ನಮ್ಮ ಪಾಪಗಳನ್ನೆಲ್ಲ ಹೊರುವುದಕ್ಕೆ ಈಗ ನೆಟ್‌ವರ್ಕ್ ಇದೆ.) ಮತ್ತೆ ಹಚ್ಚಿದೆ. ಮತ್ತೆ ಎತ್ತಿದಳು. ಮತ್ತೆ ಅದೇ ಮೌನ. ಮೂರನೆಯ ಸಲವೂ ಹಾಗೇ ಆಯಿತು.

ನಾನಿರುವುದು ವಿಜಯಪುರದಲ್ಲಿ, ಅವ್ವ ಹತ್ತಿರದ ತಿಕೋಟಾದಲ್ಲಿ ನನ್ನ ತಮ್ಮನ ಜೊತೆ ಇರುತ್ತಾಳೆ. ಅವನದು ದ್ರಾಕ್ಷಿ ತೋಟ, ಪಕ್ಕದಲ್ಲೇ ದ್ರಾಕ್ಷಿ ಒಣಗಿಸುವ ಶೆಡ್ಡು. ಒಣದ್ರಾಕ್ಷಿ ಆರಿಸುವ ಹೆಂಗಸರ ಮೇಲೆ ಅವ್ವನದೇ ಕಾರುಬಾರು. ಕಡ್ಡಿ ಒಂದು ಉಳಿದರೂ ಟ್ರೇ ವಾಪಸ್! ವಯಸ್ಸು ಅರವತ್ತೆಂಟು, ಬಿಪಿ ಇದೆ, ಗುಳಿಗೆ ಮರೆಯುವ ಚಟವೂ ಇದೆ. ಆ ದಿನ ಅವಳು ಬಬಲೇಶ್ವರದಲ್ಲಿರುವ ನಮ್ಮ ಚಿಗವ್ವನ, ಅಂದರೆ ತನ್ನ ತಂಗಿಯ ಮನೆಗೆ ಹೋಗಿದ್ದಳು. ಮುಟ್ಟಿದಳೋ ಇಲ್ಲವೋ ಎಂದು ಕೇಳಲು ನಾನು ಫೋನ್ ಮಾಡಿದ್ದು.

ಫೋನು ಹೊಚ್ಚ ಹೊಸದು. ಅದರ ಹಿಂದಿನ ಭಾನುವಾರವಷ್ಟೇ ನಾನೇ ಕೊಡಿಸಿದ್ದೆ. ಹಳೆಯದರ ಪರದೆ ಒಡೆದು ಅವ್ವನ ಬೆರಳು ಕುಯ್ಯತೊಡಗಿತ್ತು. ಹೊಸದನ್ನು ಕೈಯಲ್ಲಿ ಹಿಡಿದ ಕೂಡಲೇ ಅವಳು ಅದನ್ನು ತಿರುಗಿಸಿ, ಮಗುಚಿ ನೋಡಿದಳು.

"ಇದ್ರಾಗ ತೂತ ಎಲ್ಲೈತಬೇ?"

ಯಾವ ತೂತು? ಹೆಡ್‌ಫೋನ್ ಪಿನ್ ಚುಚ್ಚುವ ತೂತು. ಶೆಡ್ಡಿನಲ್ಲಿ ಕೂತು ಪ್ರವಚನ ಕೇಳದಿದ್ದರೆ ಅವ್ವನ ಕೈ ಓಡುವುದಿಲ್ಲ. ಅದಕ್ಕೆ ಅವಳ ಹಳೇ ದಾರದ ಹೆಡ್‌ಫೋನೇ ಆಗಬೇಕು. ದಾರವಿಲ್ಲದ್ದನ್ನು ತಂದುಕೊಡುತ್ತೇನೆ ಅಂದರೆ, "ಅದು ಕಿವ್ಯಾಗಿಂದ ಬಿದ್ದು ದ್ರಾಕ್ಷ್ಯಾಗ ಕೂಡಿ ಮುಂಬೈಗಿ ಹೋದ್ರ ಯಾರ ತರ್ತಾರ?" ಎಂದು ಕೇಳುತ್ತಾಳೆ.

ಮೊಬೈಲ್ ಅಂಗಡಿಯವನಿಗೆ ಎಲ್ಲದಕ್ಕೂ ಉತ್ತರವಿತ್ತು. "ಮ್ಯಾಡಮ್ ಅವರ, ಈಗ ಬಹಳ ಫೋನ್ ಹಿಂಗ ಬರಾಕತ್ತಾವ್ರಿ. ಇದೊಂದು ಕನ್ವರ್ಟರ್ ಹಾಕ್ರಿ, ಮುಗೀತು." ಎಂದು ಗೇಣಿಗಿಂತ ಚಿಕ್ಕದೊಂದು ಬಿಳಿ ಬಾಲ ತೆಗೆದುಕೊಟ್ಟ. ಒಂದು ತುದಿಯ ಪಿನ್ನು ಚಾರ್ಜ್ ಮಾಡುವ ಕಿಂಡಿಗೆ. ಇನ್ನೊಂದು ತುದಿಯಲ್ಲಿ ಹಳೇ ಕಾಲದ ತೂತು. ಇದ್ದ ತೂತನ್ನು ಮುಚ್ಚಿ, ಅದೇ ತೂತನ್ನು ಬೇರೆಯಾಗಿ ಮಾರುವ ಬುದ್ಧಿ ಯಾರಿಗೆ ಹೊಳೆಯಿತೋ! ನಾನು ಆ ಬಾಲವನ್ನು ಅವ್ವನ ಕೈಗಿಟ್ಟು ಸಾಲಿ ಮಾಸ್ತರರ ಹಾಗೆ ಎರಡೆರಡು ಸಲ ಹೇಳಿದೆ.

"ಇದನ್ನ ಕಳೀಬ್ಯಾಡ ನೋಡು. ಇದ ಇಲ್ಲಂದ್ರ ನಿನಗ ಏನೂ ಕೇಳ್ಸಂಗಿಲ್ಲ."

ಈ ಮಾತು ನೆನಪಿಟ್ಟುಕೊಳ್ಳಿ. ನಾನಂತೂ ಸಾಯುವವರೆಗೆ ಮರೆಯುವುದಿಲ್ಲ.

ಇನ್ನು ಗುರುವಾರಕ್ಕೆ ಬರುತ್ತೇನೆ. ಮೂರು ಕರೆ ಆದ ಮೇಲೆ ನಾನೇನು ಮಾಡಿದೆ ಗೊತ್ತೇ? ಮತ್ತೆ ಬಂದು ಬರೆಯಲು ಕೂತೆ. ಈ ಪತ್ರಿಕೆಗೆ ಅಂಕಣ ಕಳಿಸಬೇಕಿತ್ತು. ಎರಡು ಪ್ಯಾರಾ ಆಗಿತ್ತು, ಓಘ ಬಂದಿತ್ತು, ಮುಗಿಸಿಬಿಡೋಣ ಅನ್ನಿಸಿತು. ನಡುವೆ ಅವ್ವನಿಗೆ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಹಾಕಿದೆ. (ಅವ್ವ ಮೆಸೇಜ್ ಓದುವುದಿಲ್ಲ. ಗೊತ್ತಿದ್ದೂ ಹಾಕಿದೆ.) ಗೂಗಲ್‌ನಲ್ಲಿ "ಕಾಲ್ ಕನೆಕ್ಟ್ ಆದರೂ ಧ್ವನಿ ಇಲ್ಲ" ಎಂದು ಹುಡುಕಿದೆ. ಚಹಾ ಕುಡಿದೆ.

ಆದರೆ ಒಂದು ವಾಕ್ಯವೂ ಮುಂದೆ ಹೋಗಲಿಲ್ಲ. ಯಾಕೆ ಅಂತಲೂ ನನಗೆ ಗೊತ್ತಿತ್ತು, ಬಾಯಿ ಬಿಟ್ಟು ಹೇಳಿಕೊಳ್ಳಲು ಹೆದರುತ್ತಿದ್ದೆ ಅಷ್ಟೆ.

ಒಂಬತ್ತು ವರ್ಷಗಳ ಹಿಂದೆ ಅಪ್ಪನಿಗೆ ಲಕ್ವಾ ಹೊಡೆದ ದಿನವೂ ನಾನು ಫೋನ್ ಮಾಡಿದ್ದೆ. ಅಪ್ಪ ಎತ್ತಿದ್ದ. ಮಾತಾಡಲಿಲ್ಲ. ನಾನು ಹಲೋ ಹಲೋ ಅಂದು, ಸಿಗ್ನಲ್ ಇಲ್ಲ ಅಂದುಕೊಂಡು ಇಟ್ಟುಬಿಟ್ಟೆ. ಅಪ್ಪ ತೋಟದ ಕಟ್ಟೆಯ ಮೇಲೆ, ಬಾಯಿ ಒಂದು ಕಡೆ ಎಳೆದುಕೊಂಡು, ಫೋನನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದನಂತೆ. ತಮ್ಮ ಹೋಗಿ ನೋಡಿದಾಗ ಹೊತ್ತಾಗಿ ಹೋಗಿತ್ತು. ಆಮೇಲೆ ಅಪ್ಪ ಎರಡು ವರ್ಷ ಬದುಕಿದ, ಒಂದು ಮಾತೂ ಆಡದೆ.

ಹನ್ನೆರಡೂವರೆಗೆ ನಾಲ್ಕನೆಯ ಸಲ ಹಚ್ಚಿದೆ. ಎತ್ತಿದಳು. ಮೌನ. ಐದನೆಯದೂ ಹಾಗೇ. ಎತ್ತುವ ಶಕ್ತಿ ಇದೆ, ಮಾತಿಲ್ಲ.

ತಮ್ಮನಿಗೆ ಫೋನ್ ಮಾಡಿದೆ. "ಮುಂಜಾನಿ ನಾನ ಗಾಡಿ ಮ್ಯಾಲ ಚಿಗವ್ವನ ಮನಿ ಮುಂದ ಬಿಟ್ಟು ಬಂದೇನಕ್ಕಾ. ಆರಾಮ ಅದಾಳ. ನೀ ಸುಮ್ಮನ ಅಂಜಬ್ಯಾಡ" ಅಂದ. ಚಿಗವ್ವನಿಗೆ ಮಾಡಿದೆ. ಅವಳು ಎತ್ತಿದ್ದೇ ತಡ, ನಾನು ಕೇಳುವ ಮೊದಲೇ ಅವಳೇ ಕೇಳಿದಳು.

"ನಿಮ್ಮವ್ವ ನಿನಗೇನರ ಫೋನ್ ಮಾಡ್ಯಾಳೇನ?"

"ನಿನ್ನ ಹಂತ್ಯಾಕ ಇಲ್ಲೇನ ಚಿಗವ್ವಾ?"

"ನಾ ಹಿಟ್ಟ ಬೀಸಸ್ಕೊಂಡ ಬರಾಕ ಗಿರಣಿಗಿ ಹೋಗಿದ್ನೆವ್ವಾ. ಭಾಳ ಪಾಳೆ ಇತ್ತು. ಈಗ ಬಂದ ನೋಡ್ತೇನಿ, ಬಾಗಲಾ ಹಾರು ಹೊಡದೈತಿ. ತಾಟಿನ್ಯಾಗ ಅರ್ಧಾ ರೊಟ್ಟಿ ಹಂಗ ಐತಿ. ಚೀಲಾನೂ ಇಲ್ಲ, ಚಪ್ಪಲಿನೂ ಇಲ್ಲ. ಓಣ್ಯಾಗೆಲ್ಲಾ ಕೇಳಿ ಬಂದೆ."

ಅರ್ಧ ರೊಟ್ಟಿ. ನಮ್ಮವ್ವ ಜೀವಮಾನದಲ್ಲಿ ತಾಟಿನಲ್ಲಿ ಅನ್ನದ ಅಗಳೂ ಬಿಟ್ಟವಳಲ್ಲ. ನನ್ನ ಕಣ್ಣಿಗೆ ಆ ತಾಟು ಕಂಡಿತು, ಮುರಿದ ರೊಟ್ಟಿ ಕಂಡಿತು, ತಲೆ ತಿರುಗಿ ಎಲ್ಲೋ ಗೊತ್ತಿಲ್ಲದೆ ನಡೆದು ಹೋಗುವ ಅವ್ವ ಕಂಡಳು. ಆರನೆಯ ಸಲ ಹಚ್ಚಿದೆ. ಎತ್ತಿದಳು. ನಾನು ಅಳುತ್ತ ಕೂಗಿದೆ: "ಅವ್ವಾ, ಎಲ್ಲಿ ಅದಿ? ಒಂದ ಸಲ ಹೂಂ ಅನ್ನು." ಹೂಂ ಬರಲಿಲ್ಲ. ಏಳನೆಯ ಸಲವೂ ಬರಲಿಲ್ಲ.

ಸ್ಕೂಟಿ ತೆಗೆದೆ. ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಓಣಿಯಿಂದ ಊರು ದಾಟುವಷ್ಟರಲ್ಲಿ ಎಷ್ಟು ಜನರಿಂದ ಬೈಸಿಕೊಂಡೆನೋ ನೆನಪಿಲ್ಲ. ಬಬಲೇಶ್ವರದ ರಸ್ತೆಯಲ್ಲಿ ಎದುರು ಬಂದ ಪ್ರತಿ ಬಸ್ಸಿನ ಕಿಟಕಿಯಲ್ಲೂ ಅವ್ವನ ಮುಖ ಹುಡುಕಿದೆ. ರಸ್ತೆ ಬದಿಯಲ್ಲಿ ನಡೆಯುವ ಪ್ರತಿ ಹೆಂಗಸೂ ಬೆನ್ನಿನಿಂದ ಅವ್ವನೇ.

ಅರ್ಧ ದಾರಿಯಲ್ಲಿ ಜನ ಗುಂಪುಗಟ್ಟಿದ್ದರು. ಗಾಡಿಗಳು ಅಡ್ಡಾದಿಡ್ಡಿ ನಿಂತಿದ್ದವು. ನಾಲ್ಕೈದು ಜನ ಬಗ್ಗಿ ನೆಲದ ಮೇಲೆ ಏನನ್ನೋ ನೋಡುತ್ತಿದ್ದರು. ಸ್ಕೂಟಿ ನಿಲ್ಲಿಸಿದೆ, ಇಳಿಯಲಾಗಲಿಲ್ಲ. ದೇವರೇ, ಆ ಗುಂಪಿನೊಳಗೆ ನೋಡುವುದಕ್ಕಿಂತ ಹೀಗೇ ಇಲ್ಲೇ ನಿಂತಿರುವುದು ವಾಸಿ ಅನ್ನಿಸಿತು. ಒಬ್ಬರು ನನ್ನ ಮುಖ ನೋಡಿ ತಾವಾಗಿಯೇ ಹತ್ತಿರ ಬಂದರು.

"ಏನಿಲ್ಲ ಬಿಡ್ರಿ ಅಕ್ಕಾರ. ಟೆಂಪೋದಾಗಿನ ದ್ರಾಕ್ಷಿ ಟ್ರೇ ಉರುಳ್ಯಾವ. ಯಾರಿಗೂ ಏನೂ ಆಗಿಲ್ಲ."

ಆಗಲೇ ನನ್ನ ಫೋನು ರಿಂಗಾಯಿತು. ನಮ್ಮ ಎದುರು ಮನೆಯ ಶಾಂತಕ್ಕ.

"ಎಲ್ಲಿ ಹೋಗೀರಿ? ನಿಮ್ಮವ್ವ ಬಂದು ನಿಮ್ಮ ಬಾಗಲಾ ಬಡ್ಯಾಕತ್ತಾರಿ. ಕೀಲಿ ನೋಡಿ ಒಂದ ಸಮ ಅಳಾಕತ್ತಾರ. ಯಾವ ದವಾಖಾನಿಗಿ ಒಯ್ದಾರ ನನ್ನ ಮಗಳನ್ನ ಅಂತ ನನ್ನ ಕೇಳಾಕತ್ತಾರ."

ನನ್ನನ್ನು? ದವಾಖಾನೆಗೆ?

ಮರಳಿ ಹೇಗೆ ಬಂದೆನೋ ಗೊತ್ತಿಲ್ಲ. ಅವ್ವ ಮೆಟ್ಟಿಲ ಮೇಲೆ ಕೂತಿದ್ದಳು. ತಲೆ ಕೆದರಿತ್ತು, ಸೆರಗು ನೆಲಕ್ಕೆ ಬಿದ್ದಿತ್ತು. ಶಾಂತಕ್ಕ ಕೊಟ್ಟ ನೀರು ಮುಟ್ಟದೆ ಪಕ್ಕದಲ್ಲಿತ್ತು. ನನ್ನನ್ನು ನೋಡಿದವಳೇ ಎದ್ದು ಬಂದು ನನ್ನ ಗದ್ದ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದಳು. ಬಾಯಿ ನೆಟ್ಟಗಿದೆಯೋ ಎಂದು ನೋಡಿದಳು. ಆಮೇಲೆ ಬೆನ್ನ ಮೇಲೆ ಒಂದು ಹೊಡೆದಳು.

"ಮಾತಾಡಾಕ ಏನಾಗಿತ್ತಬೇ ನಿನಗ? ಏಳ ಸಲ ಫೋನ ಮಾಡ್ತಿ, ಒಂದ ಸಲಾನೂ ಬಾಯಿ ಬಿಡಂಗಿಲ್ಲ! ಏನಾತವಾ, ಏನಾತವಾ ಅಂತ ಕೇಳಿ ಕೇಳಿ ನನ್ನ ಗಂಟಲಾ ಹೋತು. ನಿಮ್ಮಪ್ಪಂದು ಹಂಗ ಆಗಿತ್ತಲ್ಲ. ನಾ ಏನಂತ ತಿಳೀಲಿ?"

ಅಂದರೆ ಅವಳೂ ಅದನ್ನೇ ನೆನೆದಿದ್ದಳು! ನಾನು ಅವಳ ಬಾಯಿ ಹೋಯಿತೆಂದು ಬಬಲೇಶ್ವರಕ್ಕೆ ಓಡುತ್ತಿದ್ದೆ, ಅವಳು ನನ್ನ ಬಾಯಿ ಹೋಯಿತೆಂದು ವಿಜಯಪುರಕ್ಕೆ ಓಡಿ ಬಂದಿದ್ದಳು. ನಡುವೆ ಎಲ್ಲೋ ಒಂದು ಬಸ್ಸೂ ಒಂದು ಸ್ಕೂಟಿಯೂ ಒಂದನ್ನೊಂದು ದಾಟಿ ಹೋಗಿದ್ದವು.

ಅಲ್ಲೇ ನಿಂತು ಅವಳ ನಂಬರಿಗೆ ಹಚ್ಚಿದೆ. ಅವ್ವ ಚೀಲಕ್ಕೆ ಕೈ ಹಾಕಿದಳು. ಹೊರಗೆ ಬಂದದ್ದು ಫೋನಲ್ಲ, ಒಂದು ಪುಟ್ಟ ಕೌದಿ. ಹೌದು, ಹಳೇ ಸೀರೆ ತುಂಡುಗಳಿಂದ ಕೌದಿಯ ಹಾಗೇ ಹೊಲಿದ ಫೋನಿನ ಚೀಲ. ಪರದೆ ಕಾಣಲು ಹೊಸ ಸೀರೆ ಸುತ್ತಿ ಬಂದಿದ್ದ ಪ್ಲಾಸ್ಟಿಕ್ ಕತ್ತರಿಸಿ ಮಾಡಿದ ಕಿಟಕಿ. ಕೆಳಗೆ, ಆ ಬಿಳಿ ಬಾಲ. ಅದರ ವೈರಿನ ಉದ್ದಕ್ಕೂ ಚೀಲಕ್ಕೆ ಸೇರಿಸಿ ಕೆಂಪು ದಾರದಲ್ಲಿ ಒತ್ತೊತ್ತಾಗಿ ಹೊಲಿಗೆ. ಪಿನ್ನು ಫೋನಿನ ಕಿಂಡಿಯೊಳಗೆ ಕೂತಿತ್ತು. ಇನ್ನೊಂದು ತುದಿಯ ತೂತು ಖಾಲಿ. ಹೆಡ್‌ಫೋನು ತಿಕೋಟಾದ ಮನೆಯ ಗೂಟಕ್ಕೆ ನೇತಾಡುತ್ತಿತ್ತು.

ಎರಡು ಮಾರು ದೂರದಲ್ಲಿ ನಿಂತು ಅವ್ವ "ಹಲೋ" ಅಂದಳು. ನನ್ನ ಫೋನಿನಲ್ಲಿ ಏನೂ ಬರಲಿಲ್ಲ. ನಾನು "ಅವ್ವಾ" ಅಂದೆ. ಅವಳ ಫೋನಿನಲ್ಲಿ ಏನೂ ಕೇಳಲಿಲ್ಲ.

ಆ ಬಾಲ ಸಿಕ್ಕಿಸಿದ್ದರೆ ಫೋನು ತನಗೆ ಹೆಡ್‌ಫೋನ್ ಹಾಕಿದ್ದಾರೆ ಅಂದುಕೊಳ್ಳುತ್ತದೆ. ಕೊನೆಯಲ್ಲಿ ಕಿವಿ ಇದೆಯೋ ಇಲ್ಲವೋ ಅದಕ್ಕೇನು ಗೊತ್ತು? ಬಂದ ಮಾತನ್ನೆಲ್ಲ ಆ ಖಾಲಿ ತೂತಿಗೆ ಸುರಿಯುತ್ತದೆ. ಆಡಿದ ಮಾತನ್ನೂ ಅಲ್ಲಿಂದಲೇ ಕೇಳಿಸಿಕೊಳ್ಳಲು ಕಾಯುತ್ತದೆ. ನಾನು ಪಿನ್ನು ಕಿತ್ತೆ. ಕೂಡಲೇ ನನ್ನ ಕಿವಿಯಲ್ಲಿ ಶಾಂತಕ್ಕನ ಮನೆಯ ಕುಕ್ಕರಿನ ಸೀಟಿಯೂ ಅವ್ವನ ಬಿಕ್ಕೂ ಒಟ್ಟಿಗೆ ಬಂದವು.

"ಇದನ್ನ ಯಾಕ ಹೊಲದಿಬೇ?" ಅಂದೆ. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ.

"ಬುಧವಾರ ದ್ರಾಕ್ಷಿ ರಾಶ್ಯಾಗ ಬಿದ್ದು ಕಳದಿತ್ತು. ಮೂರು ಟ್ರೇ ಬೋರಲ ಹಾಕಿ ಹುಡುಕೇನಿ. ಅದಕ್ಕ ಅವತ್ತ ಸಂಜಿಗೇ ಹೊಲದೆ. ನೀನ ಹೇಳಿದ್ದಿಯಲ್ಲ, ಇದ ಇಲ್ಲಂದ್ರ ಏನೂ ಕೇಳ್ಸಂಗಿಲ್ಲ ಅಂತ?"

ಚಾರ್ಜ್ ಮಾಡಲು ಪಿನ್ನು ಬಿಚ್ಚುತ್ತಾಳಂತೆ, ಆದ ಮೇಲೆ ನೆನಪಿಟ್ಟು ಮತ್ತೆ ಚುಚ್ಚುತ್ತಾಳಂತೆ. ಮಗಳ ಮಾತು ಮೀರಬಾರದಲ್ಲ! ನನಗೆ ಅವಳ ಮುಂದೆ ನಿಲ್ಲಲು ಆಗಲಿಲ್ಲ.

ಯೋಚಿಸಿದರೆ ಇನ್ನೊಂದು ವಿಚಿತ್ರ. ಇಡೀ ಹೊತ್ತು ನಮ್ಮಿಬ್ಬರಿಗೂ ಫೋನಿನ ಮೇಲೆ ಸಂಶಯ ಬರಲಿಲ್ಲ. ಹೊಸದು ನೋಡಿ! ನೆಟ್‌ವರ್ಕಿಗೆ ಒಂದು ಸಲ ಬೈದೆ, ಆಮೇಲೆ ಮನಸ್ಸು ನೇರವಾಗಿ ಲಕ್ವಾಕ್ಕೇ ಹೋಯಿತು. ಮನುಷ್ಯರು ಮಾತು ಕಳೆದುಕೊಂಡರು ಅಂದರೆ ನಮಗೆ ಇಷ್ಟು ಸುಲಭವಾಗಿ ನಂಬಿಕೆ ಬರುತ್ತದೆ, ಡಬ್ಬಿಯಿಂದ ಈಗಷ್ಟೇ ತೆಗೆದ ಫೋನು ಮೂಕಾದೀತು ಅನ್ನುವುದು ತಲೆಗೇ ಹೊಳೆಯುವುದಿಲ್ಲ.

ಅವ್ವ ಎರಡು ದಿನ ನನ್ನ ಬಳಿಯೇ ಇದ್ದು, ಅವತ್ತಿನದನ್ನೆಲ್ಲ ಬಿಡಿಸಿ ಹೇಳಿ ಹೋದಳು. ಈಗ ಬಾಲದ ಪಿನ್ನನ್ನು ಫೋನಿನಿಂದ ಬಿಚ್ಚಿ ಚೀಲದ ಮೇಲೆ ಮಡಚಿ ಗುಂಡಿ ಹಾಕುವ ವ್ಯವಸ್ಥೆ ಆಗಿದೆ. ದಿನಾ ಫೋನಿನಲ್ಲಿ ಚೆನ್ನಾಗಿ ಮಾತಾಡುತ್ತಾಳೆ. ಆದರೂ ಅವಳು ಎತ್ತಿದ ಮೇಲೆ "ಹಾಂ, ಹೇಳವಾ" ಅನ್ನುವವರೆಗೆ ಒಂದು ಕ್ಷಣ ಇರುತ್ತದಲ್ಲ, ಆಗ ಪರದೆಯ ಮೇಲೆ ಓಡುವ ಸೆಕೆಂಡುಗಳನ್ನೇ ನೋಡುತ್ತೇನೆ. ಹೋಗುವುದಿಲ್ಲ ಈ ಭಯ.

ಅದಕ್ಕಿಂತ ಕೆಟ್ಟದ್ದು ಬೇರೆ ಇದೆ. ಅವ್ವ ಊರಿಗೆ ಹೋದ ಮೇಲೆ ನನ್ನ ಫೋನಿನಲ್ಲಿ ಗುರುವಾರದ ಕರೆಗಳ ಪಟ್ಟಿ ತೆಗೆದು ನೋಡಿದೆ. ಬಾಗಿಲ ಮುಂದೆ ನಿಂತು ಹಚ್ಚಿದ ಕೊನೆಯದನ್ನು ಬಿಟ್ಟರೂ ಏಳು ಸಲ "ಅವ್ವ".

ಮೊದಲನೆಯ ಕರೆಗೇ ಅವಳು ರೊಟ್ಟಿ ಬಿಟ್ಟು ಎದ್ದಿದ್ದಳು, ನಾನು ಗಾಡಿಯ ಕೀಲಿ ಹುಡುಕಿದ್ದು ಏಳನೆಯದರ ಮೇಲೆ.